ಸಿಸ್ಟರಿಗೆ ನಾನು ಕಲಿಸಿದ ಪ್ರಶ್ನೆ

ಇದು ಹೀಗೆಯೇ ನಡೆಯಿತು ಎಂದು ಆಣೆ ಇಟ್ಟು ಹೇಳಲಾರೆ. ನೆನಪನ್ನು ನಾನು ಅಷ್ಟಾಗಿ ನಂಬುವವನಲ್ಲ. ಅದು ನಮ್ಮ ಪರವಾಗಿಯೇ ಸಾಕ್ಷಿ ತಿದ್ದುತ್ತದೆ. ಆದರೆ ಕಳೆದ ವಾರ ಔಷಧಿ ಅಂಗಡಿಯಲ್ಲಿ ಯಾರದೋ ಕೈಜಾರಿ ಟಿಂಚರ್ ಸೀಸೆ ಒಡೆಯಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಶಿಕಾರಿಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂತು ನೋಟ್‌ಬುಕ್ ತೆರೆಯುತ್ತಿದ್ದ ಸಿಸ್ಟರ್ ಕಣ್ಣೆದುರು ಬಂದರು…

ಐವತ್ತರ ದಶಕದ ಕೊನೆ. ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿ, ಕೆಲಸವಿಲ್ಲದೆ ಊರಿಗೆ ಮರಳಿದ್ದೆ. ಸಿಸ್ಟರ್ ಕೇರಳದಿಂದ ನಮ್ಮೂರ ಆಸ್ಪತ್ರೆಗೆ ಬಂದಿದ್ದ ನರ್ಸ್. ಸೊರಬದ ಕಾಡಂಚಿನಲ್ಲಿ ಮಂಗಗಳು ಸತ್ತು, ಅದರ ಹಿಂದೆಯೇ ಜನರಿಗೆ ಜ್ವರ ಹಬ್ಬುತ್ತಿದ್ದ ಕಾಲ. ಅಲ್ಲಿಯ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಜ್ವರದವರ ಹೆಸರು ಬರೆದುಕೊಳ್ಳುವ ಕೆಲಸ ಅವರದಾಯಿತು. ಚೀಟಿಯಲ್ಲಿ ಹೆಸರಿದ್ದವರನ್ನು ಮಾತ್ರ ಜೀಪಿನವರು ಆಸ್ಪತ್ರೆಗೆ ಒಯ್ಯುತ್ತಿದ್ದರು. ಅದಕ್ಕೆ ಕನ್ನಡ ಬೇಕಿತ್ತು. ನನ್ನಲ್ಲಿಗೆ ಬಂದರು. ತಮ್ಮ ಕಡೆಯ ರೂಢಿಯಂತೆ ನನ್ನನ್ನು 'ಮಾಷೇ', ಅಂದರೆ ಮೇಷ್ಟ್ರೇ, ಎಂದು ಕರೆಯುತ್ತಿದ್ದರು. ಇಪ್ಪತ್ತೆರಡರ ನನಗೆ ಅದು ಬಹಳ ಹಿತವಾಗಿತ್ತು.

ನಾನು ಕಲಿಸಿದ್ದು ವಿಭಕ್ತಿ, ಕ್ರಿಯಾಪದ, ಶುದ್ಧ ಉಚ್ಚಾರ. ಕೊನೆಗೆ ಕೆಲಸಕ್ಕೆ ಬೇಕಾದ ಹತ್ತು ಪ್ರಶ್ನೆಗಳು. "ನಿಮ್ಮ ಗಂಡನ ಹೆಸರೇನು?" ಎಂಬಲ್ಲಿಗೆ ಬಂದಾಗ, ಬಾಗಿಲ ಬಳಿ ಅಕ್ಕಿ ಆರಿಸುತ್ತಿದ್ದ ಅವ್ವ ತಲೆಯೆತ್ತಿದಳು.

"ಅಯ್ಯ, ಗಂಡನ ಹೆಸರು ಯಾವ ಹೆಂಗಸು ಹೇಳ್ತಾಳ್ರೀ ಸಿಸ್ಟರೇ? ಹೇಳಿದ್ರ ಅವನ ಆಯುಷ್ಯ ಕಮ್ಮಿ ಆಗ್ತದಂತ. ಮೊದ್ಲು ಊಟ ಆತಾ ಅನ್ರಿ. ಮಕ್ಕಳನ್ನ ಮಾತಾಡಿಸ್ರಿ. ಹೆಸರು ಬೇಕಂದ್ರ ಪಕ್ಕದ ಮನೆಯೋರನ್ನ ಕೇಳ್ರಿ."

ಸಿಸ್ಟರ್ ಬರೆದುಕೊಳ್ಳಲು ಪೆನ್ಸಿಲ್ ಎತ್ತಿದರು. ನಾನು ತಡೆದೆ. "ಅವ್ವಾ, ನಿನ್ನ ಅಡುಗೆಮನೆ ಪಾಠ ಇಲ್ಲಿ ಬೇಡ. ಸಿಸ್ಟರ್, ಅದು ಭಾಷೆಯಲ್ಲ, ಮೂಢನಂಬಿಕೆ. ನೀವು ನೇರವಾಗಿ ಕೇಳಿ."

"ನೀನು ಕಲಿಸಪ್ಪ, ಓದಿದವನು," ಎಂದು ಅವ್ವ ಮೊರ ಎತ್ತಿಕೊಂಡು ಒಳಗೆ ಹೋದಳು. ಸಿಸ್ಟರ್ ಪೆನ್ಸಿಲ್ ಕೆಳಗಿಟ್ಟರು.

ಕೆಲಸದ ಮೊದಲ ಭಾನುವಾರ ಅವರು ಧೈರ್ಯಕ್ಕೆಂದು ನನ್ನನ್ನೂ ಕರೆದರು. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಸೊರಬ, ಅಲ್ಲಿಂದ ಜೀಪು. ಊರಿನ ಹೆಸರು ಬೇಡ. ಒಂದು ಮನೆಯ ಒಳಗಿಂದ ನರಳಾಟ ಕೇಳಿಸುತ್ತಿತ್ತು. ಜಗಲಿಯ ಮೇಲೆ ನರಳುತ್ತಿದ್ದವನ ಹೆಂಡತಿ, ಸಣ್ಣ ವಯಸ್ಸು. ಪಕ್ಕದ ಮನೆಯ ಮುದುಕಿ ಕಂಬಕ್ಕೊರಗಿ ನಿಂತಿದ್ದಳು.

"ನಿಮ್ಮ ಗಂಡನ ಹೆಸರೇನು?" ಸಿಸ್ಟರ್ ಕೇಳಿದರು. ಒಂದಕ್ಷರವೂ ತಪ್ಪಿರಲಿಲ್ಲ.

ಆಕೆ ಸೆರಗು ಎಳೆದುಕೊಂಡಳು. "ಇವ್ರು… ನಮ್ಮನೆಯೋರು."

"ಹೆಸರು? ಗಂಡನ ಹೆಸರು?"

"ಇವ್ರು ಅಂದ್ರೆ ಇವ್ರೇ. ಇನ್ನೆಂಥ ಹೇಳ್ಲಿ ನಾನು?" ಒಳಗಿನ ನರಳಾಟದ ಕಡೆ ತಿರುಗಿ ನೋಡಿದಳು.

ಮುದುಕಿ ನಕ್ಕಳು. "ಗಂಡ ಜ್ವರದಲ್ಲಿ ಮಲಗಿರುವಾಗ ಹೆಸರು ಹೇಳ್ಬೇಕಂತೆ! ಈ ಅಮ್ಮಂಗೆ ಮದುವೆ ಆಗ್ಲಿಲ್ಲ ಕಾಣ್ತದೆ."

ಸಿಸ್ಟರ್ ಮುಖ ಕೆಂಪಾಯಿತು. ನನ್ನ ಕಡೆ ತಿರುಗಿ, "ಮಾಷೇ, ನಾನು ತಪ್ಪು ಹೇಳಿದೆನಾ?" ಎಂದರು.

ಆ ಮುದುಕಿಯನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಅದು ನನಗೆ ಗೊತ್ತಿತ್ತು. ಕೇಳಿದರೆ ಅವ್ವನ ಪಾಠ ಗೆದ್ದಂತಾಗುತ್ತಿತ್ತು. "ಇಲ್ಲ, ನೀವು ಸರಿಯಾಗೇ ಕೇಳಿದಿರಿ. ಆಕೆಗೆ ಹಠ. ಇನ್ನೊಮ್ಮೆ ಕೇಳಿ," ಎಂದೆ.

ಅವರು ಮತ್ತೊಮ್ಮೆ, ಗಟ್ಟಿಯಾಗಿ ಕೇಳಿದರು. ಆ ಹೆಣ್ಣುಮಗಳು ಒಳಗೆ ಹೋಗಿ ಅಗಳಿ ಹಾಕಿಕೊಂಡಳು. ಬಡಿದರೂ ತೆಗೆಯಲಿಲ್ಲ. ಜೀಪು ಬೇರೆ ಮೂವರನ್ನು ಹತ್ತಿಸಿಕೊಂಡು ಹೊರಟಿತು.

ವಾಪಸು ಬಸ್ಸಿನಲ್ಲಿ ಸಿಸ್ಟರ್ ಕಿಟಕಿಯ ಕಡೆ ಮುಖ ಮಾಡಿ ಅದೇ ವಾಕ್ಯವನ್ನು ಮೆಲ್ಲಗೆ ಹೇಳಿಕೊಳ್ಳುತ್ತಿದ್ದರು. ತಮ್ಮ ಉಚ್ಚಾರವೇ ಆಕೆಗೆ ಅರ್ಥವಾಗಲಿಲ್ಲ ಎಂದುಕೊಂಡಿದ್ದರು. "ಈಗ ಸರಿಯಾ, ಮಾಷೇ?" ಎಂದು ಕೇಳುತ್ತಿದ್ದರು. ನಾನು… ತಿದ್ದಿದೆ. ಶಿರಾಳಕೊಪ್ಪ ಬರುವವರೆಗೂ ತಿದ್ದುತ್ತಲೇ ಇದ್ದೆ.

ಮುಂದಿನ ವಾರ ಅವರು ಅವ್ವನಿಗೆ ನಡೆದದ್ದನ್ನು ಹೇಳಿದರು. ಅವ್ವ ನನ್ನನ್ನು ನೋಡಿದಳು. ಆಗ ಸಿಸ್ಟರ್ ಕೂಡ ನೋಡಿದರು. ಬೈದರೋ ಇಲ್ಲವೋ ನೆನಪಿಲ್ಲ. ಬೈದಿದ್ದರೆಂದು ನೆನಪಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಆಮೇಲೂ ನಮ್ಮ ಮನೆಗೆ ಬರುತ್ತಿದ್ದರು, ಪಡಸಾಲೆ ದಾಟಿ ನೇರ ಅಡುಗೆಮನೆಗೆ. ಅವ್ವನ ಜೊತೆ ರೊಟ್ಟಿ ತಟ್ಟುತ್ತಾ ಕನ್ನಡ ಕಲಿತರು. ಒಳಗಿಂದ ಇಬ್ಬರ ನಗು ಕೇಳುತ್ತಿತ್ತು. ನನ್ನನ್ನು ಮತ್ತೆ 'ಮಾಷೇ' ಎಂದು ಕರೆದದ್ದು ನೆನಪಿಲ್ಲ. ಒಂದು ವರ್ಷದ ಮೇಲೆ ವರ್ಗವಾಗಿ ಹೋದರು. ಈಗ ಅವ್ವನೂ ಇಲ್ಲ. ಸಿಸ್ಟರ್ ಇದ್ದಾರೋ ಇಲ್ಲವೋ, ಕೇಳಲು ಯಾರೂ ಉಳಿದಿಲ್ಲ. ಕ್ಷಮೆ ಕೇಳುವ ಹೊತ್ತಿನಲ್ಲಿ ನಾನು ಕೇಳಲಿಲ್ಲ.

ಆ ಜ್ವರಕ್ಕೆ ಆಗ ಮದ್ದೇ ಇರಲಿಲ್ಲ, ಎಷ್ಟೋ ಜನ ತಾವಾಗಿಯೇ ಎದ್ದರು, ಆಕೆಯ ಗಂಡನೂ ಎದ್ದಿರಬೇಕು… ಹೀಗೆಂದುಕೊಂಡೇ ಬಹಳ ವರ್ಷ ಕಳೆದೆ. ತರ್ಕ ಗಟ್ಟಿಯಾಗಿಯೇ ಇತ್ತು. ಆದರೂ ನಿವೃತ್ತನಾದ ಮೇಲೆ ಒಮ್ಮೆ ಸೊರಬಕ್ಕೆ ಹೋಗಿ, ಆ ಊರಿನ ಹಳೆಯ ಜನನ-ಮರಣ ಪುಸ್ತಕ ತೆಗೆಸಿ ನೋಡಿದೆ. ಆ ಭಾನುವಾರದ ತಾರೀಖು ನನ್ನ ಡೈರಿಯಲ್ಲಿತ್ತು. ಆ ವಾರ ಅಲ್ಲಿ ಒಂದೇ ಸಾವು ದಾಖಲಾಗಿದೆ. ಗಂಡಸು, ಮೂವತ್ತೊಂದು ವರ್ಷ, ಜ್ವರದಿಂದ, ಗುರುವಾರ. ಹೆಸರೂ ಬರೆದಿದೆ.