ನಾನು ಬರೆದ ಸುಳ್ಳು ನಡಾವಳಿ

ಎರಡು ಸಾವಿರದ ಹತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಹ್ಯೂಸ್ಟನ್‌ನ ಒಂದು ಎಣ್ಣೆ ಕಂಪನಿಯಲ್ಲಿ ಮೀಟಿಂಗುಗಳ ನಡಾವಳಿ ಬರೆಯುವ ಕೆಲಸದಲ್ಲಿದ್ದೆ. ಕಂಪನಿ ಕೆನಡಾದ ಉತ್ತರ ತುದಿಯ ಕಡಲಲ್ಲಿ ಎಣ್ಣೆಗಾಗಿ ನೀರೊಳಗೆ ಭಾರಿ ಸದ್ದು ಹಾಯಿಸಿ ಸರ್ವೆ ಮಾಡಬೇಕಿತ್ತು. ಅದಕ್ಕೆ ಮೊದಲು ಅಲ್ಲಿನ ಮೂಲನಿವಾಸಿಗಳಾದ ಇನೂಯಿಟ್ ಜನರನ್ನು ಕೇಳಬೇಕಿತ್ತು. ಅವರ ಊರಿಗೆ ಹೋಗಿ ಕೇಳುವುದು ಬಿಟ್ಟು ನಮ್ಮವರು ಇಬ್ಬರನ್ನು ಇಲ್ಲಿಗೇ ಕರೆಸಿಕೊಂಡರು: ಎಪ್ಪತ್ತು ದಾಟಿದ ಒಬ್ಬ ಬೇಟೆಗಾರ, ಅವರ ಮಾತನ್ನು ಇಂಗ್ಲಿಷಿನಲ್ಲಿ ಹೇಳಲು ಅವರ ತಂಗಿಯ ಮಗಳು.

ನಮ್ಮ ಮ್ಯಾನೇಜರ್ ಮೈಸೂರಿನವರು. ಮೀಟಿಂಗ್ ರೂಮಿನ ಬಾಗಿಲಲ್ಲೇ ನನ್ನತ್ತ ಬಾಗಿ, "ಹಸಿ ಮಾಂಸ ತಿನ್ನೋರಂತೆ ಕಣಮ್ಮ, ಸ್ವಲ್ಪ ದೂರ ಕೂತ್ಕೋ" ಎಂದು ಕಿಸಕ್ಕನೆ ನಕ್ಕರು. ನಾನೂ ನಕ್ಕಂತೆ ಮಾಡಿದೆ.

ಒಳಗೆ ಮ್ಯಾನೇಜರ್ ಮುದುಕರನ್ನು ನೇರವಾಗಿ ಕೇಳಿದರು: "ನಿಮ್ಮೂರಿನ ನಾಯಕರು ನೀವು. ನಿಮ್ಮ ಒಪ್ಪಿಗೆ ಇದೆಯಾ?"

ಮುದುಕರು ನಿಧಾನವಾಗಿ ಮಾತಾಡಿದರು. ಹುಡುಗಿ ಅದನ್ನು ನಮಗೆ ತಿಳಿಸಿದಳು. "ಅಪ್ಪಣೆ ಕೊಡುವವನು ನಮ್ಮಲ್ಲಿ ನಾಯಕನಲ್ಲ. ನಾಯಕನನ್ನು ನಾವು ಇಸುಮತಾಕ್ ಅನ್ನುತ್ತೇವೆ, ಯೋಚಿಸುವವನು ಅಂತ. ಮಂಜುಗಡ್ಡೆಯ ಮೇಲೆ ನಾನು ತೋರಿಸಿದ ದಾರಿಯಲ್ಲಿ ಇನ್ನೂ ಯಾರೂ ಮುಳುಗಿಲ್ಲ, ಅದಕ್ಕೇ ಆ ವಿಷಯದಲ್ಲಿ ಜನ ನನ್ನ ಮಾತು ಕೇಳುತ್ತಾರೆ. ತಿಮಿಂಗಿಲದ ವಿಷಯ ಬೇರೆಯವರಿಗೆ ಗೊತ್ತು. ಹೆಂಗಸರನ್ನೂ ಕೇಳಬೇಕು. ಎಲ್ಲರೂ ಕೂತು ಮಾತಾಡದೆ ನಾನು ಹೂಂ ಅನ್ನಲಾರೆ, ಬೇಡ ಅಂತಲೂ ಅನ್ನಲಾರೆ."

ಅಷ್ಟು ಹೊತ್ತೂ ಮ್ಯಾನೇಜರ್ ಫೋನ್ ನೋಡುತ್ತಿದ್ದರು.

ಊಟಕ್ಕೆ ಸುಟ್ಟ ಮಾಂಸದ ಬಾರ್ಬೆಕ್ಯೂ ತರಿಸಿದ್ದರು. ಮ್ಯಾನೇಜರ್ ಬೆರಳು ನೆಕ್ಕುತ್ತಲೇ ನನ್ನ ಮೇಜಿಗೆ ಬಂದರು.

"ಬೇಡ ಅಂದ್ರಾ ಅವರು?"

"ಇಲ್ರಿ ಸರ್. ಆದ್ರ ಹೂಂ ಅಂತನೂ ಅಂದಿಲ್ಲಲ್ರಿ," ಎಂದೆ. ನಾನು ಹುಬ್ಬಳ್ಳಿಯವಳು.

"ಬೇಡ ಅನ್ಲಿಲ್ಲ ತಾನೆ? ಆಕ್ಷೇಪಣೆ ಇಲ್ಲ ಅಂತ ಬರಿ. ಮುಗೀತು."

ಅವರ ಬಾಯಿಯ ಸಾಸಿನ ವಾಸನೆ ನನ್ನ ಮುಖಕ್ಕೆ ಹೊಡೆಯುತ್ತಿತ್ತು. ಅವರು ಬೇಗ ಅಲ್ಲಿಂದ ತೊಲಗಿದರೆ ಸಾಕೆಂದು ಬರೆದುಬಿಟ್ಟೆ.

ಮರುದಿನ ನಾವು ಕೊಟ್ಟ ನಡಾವಳಿಯನ್ನು ಹುಡುಗಿ ಮಾವನಿಗೆ ಓದಿ ಹೇಳಿದಳು. ಅವರು ಇನ್ನೊಮ್ಮೆ ಓದಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಈ ಮಾತು ಆಡಿದವರು ಯಾರು?" ಎಂದು ಕೇಳಿಸಿದರು. ನಾನು ಮ್ಯಾನೇಜರ್ ಕಡೆ ನೋಡಿದೆ. "ಅದು ಬರೀ ಫಾರ್ಮ್ಯಾಟ್" ಎಂದರು ಮ್ಯಾನೇಜರ್. ಮುದುಕರು ದನಿ ಏರಿಸಲಿಲ್ಲ, ಎದ್ದು ಹೊರಟರು.

ಲಿಫ್ಟಿನವರೆಗೆ ನಾನೂ ಹೋದೆ. ಹುಡುಗಿ ಹೇಳಿದಳು: "ಸಿಟ್ಟು ಮಾಡುವವನ ಮಾತಿಗೆ ನಮ್ಮಲ್ಲಿ ಬೆಲೆಯಿಲ್ಲ, ಅದಕ್ಕೇ ಮಾವ ಸುಮ್ಮನಿದ್ದಾರೆ. ನಾನು ಅಷ್ಟು ದೊಡ್ಡವಳಲ್ಲ. ನಿಮ್ಮನ್ನು ನೋಡಿದರೆ ಅಸಹ್ಯವಾಗುತ್ತದೆ."

ಕೆಲವು ವಾರಗಳ ಮೇಲೆ ಆ ಊರಿನಿಂದ ಕಾಗದ ಬಂತು. ಎಲ್ಲರೂ ಸೇರಿ, ಎರಡು ದಿನ ಕೂತು, ಸರ್ವೆ ಬೇಡವೆಂದು ತೀರ್ಮಾನಿಸಿದ್ದರು. ಕೆಳಗೆ ಇಡೀ ಊರಿನ ಸಹಿ. ಸರ್ವೆ ನಿಂತಿತು. "ಎಲ್ಲಾ ಪಾಲಿಟಿಕ್ಸ್ ಕಣಮ್ಮ" ಎಂದ ಮ್ಯಾನೇಜರ್ ಬೇರೆ ಪ್ರಾಜೆಕ್ಟಿಗೆ ಶಿಫ್ಟ್ ಆದರು. ಹೋಗುವಾಗ ನನ್ನನ್ನೂ ಕರೆದರು. ನಾನು ಹೋದೆ. ಇನ್ನೂ ಎರಡು ವರ್ಷ ಅವರ ನಡಾವಳಿಗಳನ್ನು ಬರೆದೆ.