ಕೋವಿಯ ಬೋಲ್ಟ್ ಇಟ್ಟುಕೊಂಡಿದ್ದ ಡಾಕ್ಟರಮ್ಮ

ಎದುರಿಗೆ ಕೂತವರು ತಲೆ ತಗ್ಗಿಸಿದರೆ ಡಾಕ್ಟರಮ್ಮ ಎರಡು ಬೆರಳನ್ನು ಅವರ ಗದ್ದದ ಕೆಳಗಿಟ್ಟು ಮೆಲ್ಲಗೆ ಮೇಲಕ್ಕೆ ಎತ್ತುತ್ತಿದ್ದರು. ಬೆರಳು ಸದಾ ತಣ್ಣಗೆ, ಉಗುರು ಒತ್ತಿ ಕತ್ತರಿಸಿದ್ದು. ಆಪರೇಷನ್ ಥಿಯೇಟರಿನಲ್ಲಿ ಅನಸ್ತೇಶಿಯಾ ಕೊಡುತ್ತಲೇ ಸರ್ವೀಸು ಮುಗಿಸಿದವರು. ಪ್ರಜ್ಞೆ ತಪ್ಪಿ ಮಲಗಿದವರ ಉಸಿರಿನ ದಾರಿ ತೆರೆಯಲು ಗದ್ದ ಎತ್ತಿ ಎತ್ತಿ ಬಂದ ಅಭ್ಯಾಸ ಅದು. ಇಲ್ಲಿ ಪರದೇಶದಲ್ಲಿ, ಎವರ್‌ಗ್ರೀನ್ ಬಡಾವಣೆಯ ಕನ್ನಡದವರು ಒಬ್ಬೊಬ್ಬರು ಒಂದೊಂದು ಅಡಿಗೆ ತಂದು ಕೂಡಿ ಉಣ್ಣುವ ಪಾಟ್‌ಲಕ್‌ಗಳಲ್ಲಿ ಹೀಗೆ ಮಾಡಿದಾಗ ಕೆಲವರಿಗೆ ಮುಜುಗರವಾಗುತ್ತಿತ್ತು. ಮೊದಮೊದಲು ನನಗೂ ಆಗಿತ್ತು. ನಮ್ಮ ಕಾನ್ವೆಂಟಿನಲ್ಲಿ ಹುಡುಗಿಯರ ಗದ್ದ ಎತ್ತುತ್ತಿದ್ದವರು ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಮಾತ್ರ, ಅದೂ ಏಟು ಕೊಡುವುದಕ್ಕೆ ಮುಂಚೆ.

ಅವರು ಕೊಡಗಿನವರು, ನಾನು ಮಂಗಳೂರಿನ ಕಡೆಯವಳು. ಪಾಟ್‌ಲಕ್‌ನಲ್ಲಿ ಹಂದಿಮಾಂಸ ತಿನ್ನುವ ಹೆಂಗಸರು ನಾವಿಬ್ಬರೇ ಎಂದು ತಿಳಿದ ದಿನ ನಮ್ಮ ಸ್ನೇಹ ಶುರುವಾಯಿತು. ಆಮೇಲೆ ಗೊತ್ತಾಯಿತು, ಅವರ ಮನೆ ನಮ್ಮ ಬೇಲಿಯಾಚೆಗೇ ಇದೆ. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಒಂದು ಕೋಣೆಯಲ್ಲಿ ಉಕ್ಕಿನ ಸೇಫು, ಅದರೊಳಗೆ ಎಣ್ಣೆ ಒರೆಸಿಟ್ಟ ಕೋವಿಗಳು. ವರ್ಷಕ್ಕೊಮ್ಮೆ ಪರಿಚಯದವರ ರ‍್ಯಾಂಚಿಗೆ ಜಿಂಕೆ ಬೇಟೆಗೆ ಹೋಗುತ್ತಿದ್ದರು. ನಾನು ಶಾಲೆಯಲ್ಲಿ ಪಾಠ ಹೇಳಿದವಳಾದ್ದರಿಂದ ನನ್ನನ್ನು ಅವರು ‘ಟೀಚರೇ’ ಎಂದೇ ಕರೆಯುತ್ತಿದ್ದರು.

ನಾನಿದ್ದದ್ದು, ಈಗಲೂ ಇರುವುದು, ಮಗನ ಮನೆಯಲ್ಲಿ. ಸೊಸೆ ಬೇರೆಯಾಗಿ ಕ್ಯಾಂಪ್‌ಬೆಲ್ಲಿಗೆ ಹೋದಳು. ಅದಾದ ಚಳಿಗಾಲದಲ್ಲೇ ಸ್ಯಾನ್ ಮಟಿಯೋದ ಸಾಫ್ಟ್‌ವೇರ್ ಆಫೀಸಿನಲ್ಲಿ ಲೇಆಫ್ ಆಗಿ ಮಗನ ಕೆಲಸ ಹೋಯಿತು. ಬೆಳಗ್ಗೆ ಎದ್ದು ಫ್ರೀವೇ ಹಿಡಿಯುತ್ತಿದ್ದವನು ಮಧ್ಯಾಹ್ನದವರೆಗೂ ಪೈಜಾಮದಲ್ಲೇ ಇರತೊಡಗಿದ. ಮಾಡಿಟ್ಟ ಮೀನುಸಾರು ಹಾಗೇ ಉಳಿಯುತ್ತಿತ್ತು. ಒಂದು ದಿನ ಲ್ಯಾಪ್‌ಟಾಪ್ ತಿರುಗಿಸಿ, “ಮಮ್ಮಿ, ಹಂಟಿಂಗ್ ಕಲೀತೇನೆ,” ಎಂದ. ಡೈನಿಂಗ್ ಟೇಬಲಿನ ಮೇಲೆ ತೋಟೆಗಳ ಚಾರ್ಟುಗಳು ಹರಡಿಕೊಂಡವು. ಯಾವ ತೋಟೆಯ ಗುಂಡು ಎಷ್ಟು ಗಜ ಹೋದ ಮೇಲೆ ಎಷ್ಟು ಕೆಳಗಿಳಿಯುತ್ತದೆ, ಎಷ್ಟು ವೇಗ ಉಳಿಯುತ್ತದೆ, ಎಲ್ಲಕ್ಕೂ ಬಣ್ಣಬಣ್ಣದ ಗೆರೆ. ಏನಾದರೊಂದರಲ್ಲಿ ಮನಸ್ಸಿಟ್ಟನಲ್ಲ ಎಂದು ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಜಿರಲೆ ಕಂಡರೂ ಪೇಪರಿನಲ್ಲಿ ಎತ್ತಿ ಹೊರಗೆ ಬಿಡುವ ಮಗ ಇವನು.

ಬೇಟೆ ಲೈಸೆನ್ಸಿನ ಪರೀಕ್ಷೆ ಪಾಸಾಗಿ, ಕೋವಿ ಕೊಡುವ ಮೊದಲು ಕಾನೂನಿನಂತೆ ಅಂಗಡಿಯವರು ಕಾಯಿಸುವ ದಿನಗಳೂ ಮುಗಿದು, ಉದ್ದನೆಯ ಪೆಟ್ಟಿಗೆ ಮನೆಗೆ ಬಂತು. ಅವತ್ತಿನಿಂದ ನನ್ನ ಕಿವಿ ನನ್ನ ಮಾತು ಕೇಳಲಿಲ್ಲ. ಒಗ್ಗರಣೆ ಹಾಕುವಾಗಲೂ ಅವನ ರೂಮಿನ ಬಾಗಿಲಿನ ಕಡೆಗೇ ಅದು. ಅವನು ಬಾತ್‌ರೂಮಿನಲ್ಲಿ ಸ್ವಲ್ಪ ತಡಮಾಡಿದರೆ ಏನೋ ನೆಪ ಮಾಡಿ ಹೆಸರು ಹಿಡಿದು ಕೂಗುತ್ತಿದ್ದೆ. ಕೇಳಬೇಕಾದ್ದನ್ನು ಮಾತ್ರ ಕೇಳಲು ಬಾಯಿ ಬರುತ್ತಿರಲಿಲ್ಲ. ಸಿಸ್ಟರ್‌ಗಳು ನಮಗೆ ಎಲ್ಲದಕ್ಕೂ ಒಂದು ಡೀಸೆಂಟ್ ಪದ ಕಲಿಸಿದ್ದರು. ಇದಕ್ಕೆ ಕಲಿಸಿರಲಿಲ್ಲ.

“ಟೀಚರೇ, ಆ ಗಿಡಕ್ಕೆ ಈಜು ಕಲಿಸ್ತಿದ್ದೀರಾ?” ಬೇಲಿಯಾಚೆಯಿಂದ ಡಾಕ್ಟರಮ್ಮನ ಧ್ವನಿ. ನಾನು ನೀರಿನ ಪೈಪು ಹಿಡಿದು ನಿಂತೇಬಿಟ್ಟಿದ್ದೆ.

“ಮಗ ಕೋವಿ ತಂದಿದ್ದಾನೆ,” ಅಂದೆ.

“ಹೌದಾ? ಯಾವುದು?”

“ನನಗೆಂತ ಗೊತ್ತು ಮಾರಾಯ್ರೇ. ಮ್ಯಾಗ್ನಮ್ ಅಂತೆ. ಐನೂರು ಗಜ ಅಂತೆ. ಅವ ಸರಿ ಊಟ ಮಾಡುದಿಲ್ಲ.”

ಅವರು ನನ್ನ ಮುಖ ನೋಡಿದರು. ಮ್ಯಾಗ್ನಮ್ಮೂ ಅಲ್ಲ, ಐನೂರು ಗಜವೂ ಅಲ್ಲ, ಊಟದ ಮಾತೇ ಅವರಿಗೆ ತಾಗಿತು ಎಂದು ನನಗೆ ತಿಳಿಯಿತು. “ಸಂಜೆ ಬರ್ತೀನಿ. ತೋಟೆ ವಿಷಯ ಮಾತಾಡೋಕೆ ಬಂದೆ ಅಂತ ಹೇಳಿ,” ಎಂದು ಒಳಗೆ ಹೋದರು.

ಬಂದರು. ಟೇಬಲಿನ ಮೇಲೆ ಮಗ ಇಟ್ಟ ತೋಟೆಯನ್ನು ಕೈಯಲ್ಲಿ ತೂಗಿ ನೋಡಿದರು. ನನ್ನ ಮಧ್ಯದ ಬೆರಳಿಗಿಂತ ಉದ್ದವಿತ್ತು ಅದು.

“ಯಾಕೆ ಮಗ, ಇಷ್ಟು ದೊಡ್ಡದು?”

“ಹೆಡ್‌ರೂಮ್ ಇರ್ಲಿ ಅಂತ ಆಂಟಿ, ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ. ನಾಳೆ ಎಲ್ಕ್‌ನಂಥ ದೊಡ್ಡ ಜಿಂಕೆ ಹೊಡೀಬೇಕಾದ್ರೂ ಇದೇ ಸಾಕು. ಐನೂರು ಗಜಕ್ಕೂ ಪವರ್ ಉಳೀತದೆ.”

“ನೀನೇನು ಕೋವಿ ತಂದ್ಯಾ, ಸರ್ವರ್ ತಂದ್ಯಾ?” ಅಂದರು. “ಈ ಗುಡ್ಡದ ಜಿಂಕೆ ಒಂದು ದೊಡ್ಡ ಆಡಿನಷ್ಟು. ಓಕ್ ಮರದ ಸಂದಿಯಲ್ಲಿ ನೂರು ಗಜಕ್ಕೆ ಕಂಡರೆ ಪುಣ್ಯ. ಅದಕ್ಕೆ ಇದನ್ನು ಹೊಡೆದರೆ ಮಾಂಸ ಹಾಳು, ನಿನ್ನ ಭುಜಾನೂ ಹಾಳು. ಐವತ್ತು ಕೆಜಿ ಹೆಂಗಸಿಗೆ ನಾನು ಎತ್ತಿನ ಡೋಸು ಕೊಟ್ಟಿದ್ದರೆ ನನ್ನ ಲೈಸೆನ್ಸ್ ಇರ್ತಿತ್ತಾ?”

“ಜಿಂಕೆ ದೂರ ಇದ್ರೆ?”

“ಹತ್ತಿರ ಹೋಗು. ಹೋಗೋಕಾಗದಿದ್ದರೆ ಮನೆಗೆ ಹೋಗು. ಈ ರಾಜ್ಯದಲ್ಲಿ ಬೇಟೆಗೆ ಸೀಸದ ಗುಂಡು ಹಾಕಂಗಿಲ್ಲ, ತಾಮ್ರದ್ದೇ ಆಗಬೇಕು. ತಾಮ್ರ ಜೋರಾಗಿ ಬಡಿದರೆ ಮಾತ್ರ ಅರಳುತ್ತೆ. ದೂರ ಹೋಗಿ ವೇಗ ಇಳೀತು ಅಂದ್ರೆ ಅರಳೋದಿಲ್ಲ, ಸೂಜಿ ತರ ತೂರಿ ಆಚೆ ಹೋಗುತ್ತೆ. ಪ್ರಾಣಿ ಎಲ್ಲೋ ಪೊದೇಲಿ ಬಿದ್ದು ನರಳುತ್ತೆ. ನಿನ್ನ ಚಾರ್ಟಿನಲ್ಲಿ ಅದಕ್ಕೆ ಯಾವ ಬಣ್ಣ?”

ಮಗ ನಕ್ಕ. ಎಷ್ಟೋ ವಾರದ ಮೇಲೆ ಕೇಳಿದ ನಗು. ನಗುತ್ತಲೇ ತಲೆ ತಗ್ಗಿತು, ಮತ್ತೆ ಮೇಲೇಳಲಿಲ್ಲ. ಡಾಕ್ಟರಮ್ಮ ಎರಡು ಬೆರಳು ಅವನ ಗದ್ದದ ಕೆಳಗಿಟ್ಟರು.

“ಈ ಕೋವಿ ಜಿಂಕೆಗೆ ತಂದಿದ್ದಾ, ನಿನಗೆ ತಂದಿದ್ದಾ?”

ಅವನ ಕೈ ಟೇಬಲಿನ ಮೇಲಿನ ಚಾರ್ಟುಗಳನ್ನು ಒಂದರ ಮೇಲೊಂದು ಜೋಡಿಸತೊಡಗಿತು.

“ಸಾಯೋ ಯೋಚನೆ ಬರುತ್ತಾ?”

ನಾನು ಅಡಿಗೆಮನೆಯಲ್ಲಿ ಸೌಟು ಹಿಡಿದು ನಿಂತಿದ್ದೆ. ಫ್ರಿಜ್ಜಿನ ಸದ್ದು ಅಷ್ಟು ದೊಡ್ಡದೆಂದು ಅವತ್ತೇ ಗೊತ್ತಾದದ್ದು. “ಕೆಲವು ದಿನ,” ಎಂದ ನನ್ನ ಮಗ.

“ಸರಿ. ಹೇಳಿದೆಯಲ್ಲ, ಒಳ್ಳೇದಾಯ್ತು.” ಜ್ವರ ಇದೆ ಎಂದವನಿಗೆ ಹೇಳುವ ಧ್ವನಿಯಲ್ಲೇ ಹೇಳಿದರು. “ಈಗ ಕೇಳು. ನಮ್ಮಲ್ಲಿ ಕೈಲ್ ಪೊಳ್ದ್ ಅಂತ ಆಯುಧದ ಹಬ್ಬ. ಕೋವಿಗಳನ್ನ ದೀಪದ ಮುಂದೆ ಇಟ್ಟು ಪೂಜೆ ಮಾಡ್ತೀವಿ. ಆಮೇಲೆ ಕಿರಿಯರು ತಾವೇ ಕೈಹಾಕಿ ಎತ್ತಿಕೊಳ್ಳಂಗಿಲ್ಲ, ಮನೆ ಹಿರಿಯರ ಕೈಯಿಂದಲೇ ತಗೊಳ್ಳಬೇಕು. ನಿನಗೆ ಆ ಹಿರಿಯಳು ನಾನು. ವರ್ಷಕ್ಕೊಂದು ಸಲ ಅಲ್ಲ, ಪ್ರತಿ ಸಲ. ಬೋಲ್ಟ್ ಬಿಚ್ಚಿ ಕೊಡು. ತೋಟೆ ಡಬ್ಬೀನೂ ಕೊಡು.”

ಬೋಲ್ಟ್ ಎಂದರೆ ಕೋವಿಯ ಹಿಂಭಾಗದಿಂದ ಈಚೆಗೆ ಎಳೆಯುವ ಉಕ್ಕಿನ ತುಂಡು. ಅದಿಲ್ಲದಿದ್ದರೆ ಕೋವಿ ಬರೀ ಕೊಳವೆ. ಮಗ ಅದನ್ನು ಎಳೆದು ಅವರ ಅಂಗೈ ಮೇಲಿಟ್ಟ.

“ಶನಿವಾರ ಬಂದು ಕೇಳು.”

“ನೀವು ಕೊಡದಿದ್ರೆ?”

“ಕಾಫಿ ಕೊಡ್ತೀನಿ.”

ಅವರು ಅಷ್ಟಕ್ಕೇ ಬಿಡಲಿಲ್ಲ. ಹೊರಡುವ ಮೊದಲೇ ತಮ್ಮ ಪರಿಚಯದ ಮನೋವೈದ್ಯರಿಗೆ ಫೋನು ಮಾಡಿದರು. ಸೋಮವಾರ ತಾವೇ ಕಾರಿನಲ್ಲಿ ಕರೆದುಕೊಂಡು ಹೋಗಿ, ಅವನು ಹೊರಗೆ ಬರುವವರೆಗೂ ಪಾರ್ಕಿಂಗ್ ಲಾಟಿನಲ್ಲಿ ಸುಡೋಕು ಬಿಡಿಸುತ್ತ ಕೂತರು.

ಶನಿವಾರಗಳು ಹಾಗೆ ಶುರುವಾದವು. ಮಗ ಬೇಲಿ ಸುತ್ತಿ ಹೋಗಿ ಬಾಗಿಲು ತಟ್ಟುತ್ತಿದ್ದ. ಅವರು ಅದೇ ಪ್ರಶ್ನೆ ಕೇಳುತ್ತಿದ್ದರು, ಅದೇ ಧ್ವನಿಯಲ್ಲಿ. ಉತ್ತರ ನೋಡಿಕೊಂಡು ಒಂದು ಶನಿವಾರ ಕಾಫಿ, ಇನ್ನೊಂದು ಶನಿವಾರ ಶೂಟಿಂಗ್ ರೇಂಜು. ರೇಂಜಿಗೆ ಹೋಗುವಾಗ ನಾನೂ ಹೋಗುತ್ತಿದ್ದೆ. ಕಿವಿಗೆ ಸದ್ದು ತಡೆಯುವ ಮಫ್, ಕೈಯಲ್ಲಿ ಜಪಸರ.

ಒಂದು ಸಲ ಅವನಿಗೆ ಕಾಣದಂತೆ ಅವರು ಮ್ಯಾಗ್ನಮ್ಮಿಗೆ ಮದ್ದಿಲ್ಲದ ಹುಸಿ ತೋಟೆ ತುಂಬಿದರು. ಅವನು ಗುರಿಯಿಟ್ಟು ಟ್ರಿಗರ್ ಎಳೆದ. ಟಿಕ್ ಎಂದಿತು, ಅಷ್ಟೇ. ಗುಂಡೇ ಇಲ್ಲದ ಕೋವಿಯ ಮೂತಿ ಮಾತ್ರ ಗಕ್ಕನೆ ನೆಲ ನೋಡಿತು. ಅವನ ಕಣ್ಣೂ ಮುಚ್ಚಿತ್ತು.

“ನೋಡಿದ್ಯಾ? ಕೋವಿ ಭುಜಕ್ಕೆ ಒದೆಯೋ ಮೊದಲೇ ಮೈ ಮುದುಡಿಕೊಳ್ತು. ತೋಟೆ ಐನೂರು ಗಜ ಹೋಗುತ್ತೆ ಮಗ, ನೀನು ಐವತ್ತೂ ಹೋಗಲ್ಲ. ಭುಜ ಹೆದರದೇ ಇರೋ ತೋಟೆ ಹಿಡಿ. ಆಮೇಲೆ ಎಷ್ಟು ದೂರದಿಂದ ಪೇಪರ್ ಪ್ಲೇಟಿಗೆ ತಪ್ಪದೆ ಹೊಡೀತೀಯೋ ಅದೇ ನಿನ್ನ ದೂರ.”

ಅವನು ಮ್ಯಾಗ್ನಮ್ಮನ್ನು ಅಂಗಡಿಗೆ ಹಿಂದಿರುಗಿಸಿ ಟೂ-ಫಾರ್ಟಿ-ತ್ರೀ ಎಂಬ ಕೋವಿ ತಂದ. ಅದರ ತೋಟೆ ಸಣ್ಣದು, ಒದೆಯೂ ಸಣ್ಣದು. ಅದರಲ್ಲಿ ಅವನ ದೂರ ನೂರು ಗಜಕ್ಕೆ ಬಂದು ನಿಂತಿತು. ಅದರ ಬೋಲ್ಟೂ ಡಾಕ್ಟರಮ್ಮನ ಸೇಫಿಗೇ ಹೋಯಿತು.

ಸೆಪ್ಟೆಂಬರಿನಲ್ಲಿ ಅವರ ಕೈಲ್ ಪೊಳ್ದ್ ಹಬ್ಬ ಬಂತು. ಮಾರನೆಯ ದಿನ ಇಬ್ಬರೂ ರ‍್ಯಾಂಚಿಗೆ ಹೋಗುವುದೆಂದು ಮಾತಾಗಿತ್ತು. ಹಬ್ಬಕ್ಕೆ ಅಕ್ಕಿತರಿಯ ಕಡಂಬುಟ್ಟು ಉಂಡೆ ಕಟ್ಟುತ್ತಾ ನಾನು ಮೆಲ್ಲಗೆ ಕೇಳಿದೆ, “ರೇಂಜಿನ ಹೊರಗೂ ಅವನ ಕೈಗೆ ಕೊಡ್ತೀರಾ?”

“ಕೊಡಬೇಕು ಟೀಚರೇ. ಯಾವತ್ತೂ ಕೊಡದಿದ್ದರೆ ಅವನು ರೋಗಿಯಾಗೇ ಉಳೀತಾನೆ.”

“ನನಗೆ ಹೆದರಿಕೆ ಆಗ್ತದೆ.”

“ನನಗೂ ಆಗುತ್ತೆ. ಅದಕ್ಕೇ ಜೊತೆಗೆ ಹೋಗ್ತೀನಿ, ಸಂಜೆಗೆ ವಾಪಸ್ ತಗೋತೀನಿ.”

ಡಾಕ್ಟರಮ್ಮ ರೇಷ್ಮೆ ಸೀರೆಯ ನಿರಿಗೆಯನ್ನು ಕೊಡವರ ರೀತಿಯಲ್ಲಿ ಹಿಂದಕ್ಕೆ ಉಟ್ಟು, ದೀಪದ ಮುಂದಿನಿಂದ ಕೋವಿಯನ್ನು ಎರಡೂ ಕೈಯಲ್ಲಿ ಎತ್ತಿ ಅವನಿಗೆ ಕೊಟ್ಟರು. “ನಿನ್ನ ದೂರ ಎಷ್ಟು?” “ನೂರು.” “ಅದರಾಚೆ?” “ಬಿಡ್ತೇನೆ ಆಂಟಿ.” ಬೋಲ್ಟನ್ನು ಮಾತ್ರ ಮರುದಿನ ಹೊರಡುವಾಗ ಕೊಟ್ಟರು. ಇಬ್ಬರೂ ವಾಪಸ್ ಬರುವವರೆಗೂ ನಾನು ಕಿಟಕಿಯ ಹತ್ತಿರವೇ ಇದ್ದೆ. ಬರಿಗೈಯಲ್ಲಿ ಬಂದರು. ಜಿಂಕೆ ಎದುರಿನ ದಿಬ್ಬದಲ್ಲಿತ್ತಂತೆ, ಹತ್ತಿರ ಹೋಗಲು ಮರೆಯಿರಲಿಲ್ಲವಂತೆ. ಮಗನ ಮುಖದ ತುಂಬ ಧೂಳು. ಸೀದಾ ಅಡಿಗೆಮನೆಗೆ ಬಂದು ಪಾತ್ರೆಯಿಂದಲೇ ಅನ್ನ ಬಡಿಸಿಕೊಂಡ.

ಮುಂದಿನ ವಸಂತದಲ್ಲಿ ಡಾಕ್ಟರಮ್ಮನಿಗೆ ಲಿವರಿನ ಕ್ಯಾನ್ಸರ್ ಎಂದು ತಿಳಿಯಿತು. ತಮ್ಮ ರಿಪೋರ್ಟನ್ನು ತಾವೇ ಓದಿದರು, ಟ್ರೀಟ್‌ಮೆಂಟ್ ಬೇಡವೆಂದರು. ಹಾಸಿಗೆ ಹಿಡಿದ ಮೇಲೂ ಶನಿವಾರ ತಪ್ಪಿಸಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ನನ್ನೊಬ್ಬಳನ್ನೇ ಕರೆಸಿ, ಫ್ಲಾನೆಲ್ ಬಟ್ಟೆಯಲ್ಲಿ ಸುತ್ತಿದ ಬೋಲ್ಟನ್ನು ಮಡಿಲಿಗೆ ಹಾಕಿದರು.

“ಇನ್ನು ಹಿರಿಯರು ನೀವೇ.”

“ನನ್ನಿಂದಾಗುದಿಲ್ಲ ಡಾಕ್ಟ್ರೇ. ಕೋವಿಯ ವಿಷಯ ನನಗೆಂತ ಗೊತ್ತುಂಟು?”

“ಏನೂ ಗೊತ್ತಿರಬೇಕಾಗಿಲ್ಲ. ಕೇಳೋಕೆ ಗೊತ್ತಿದ್ದರೆ ಸಾಕು. ನೆಟ್ಟಗೆ ಕೇಳಿ. ನೀವು ಸುತ್ತಿಬಳಸಿ ಕೇಳಿದರೆ ಅವನೂ ಸುತ್ತಿಬಳಸಿ ಸುಳ್ಳು ಹೇಳ್ತಾನೆ.”

ಅವರು ಹೋದ ಮೇಲಿನ ಮೊದಲ ಶನಿವಾರ ಮಗ ನನ್ನ ರೂಮಿನ ಬಾಗಿಲಲ್ಲಿ ಬಂದು ನಿಂತ. ಬೆಳಗಿನಿಂದ ಇಂಗ್ಲಿಷಿನಲ್ಲಿ ವಾಕ್ಯ ಜೋಡಿಸಿಕೊಂಡಿದ್ದೆ, ಅದು ಬಾಯಿಗೆ ಬರಲಿಲ್ಲ. ಕಡೆಗೆ ಅವನು ತೊಟ್ಟಿಲಲ್ಲಿ ಕೇಳಿದ ನಮ್ಮ ಕೊಂಕಣಿಯಲ್ಲೇ ಕೇಳಿದೆ: ಸಾಯುವ ಯೋಚನೆ ಬರುತ್ತದಾ ಮಗಾ?

ಅವನು ನನ್ನನ್ನು ನೋಡಿದ. ಹಾಗೆ ನೇರವಾಗಿ ನೋಡಿ ಎಷ್ಟು ಕಾಲವಾಗಿತ್ತೋ. “ಫ್ಯೂನರಲ್ ದಿವಸ ಸ್ವಲ್ಪ ಬಂದಿತ್ತು ಮಮ್ಮಿ,” ಅಂದ.

“ಹಾಗಾದ್ರೆ ಇವತ್ತು ಕೊಡುದಿಲ್ಲ.”

ಬೋಲ್ಟಿನ ಫ್ಲಾನೆಲ್ ಗಂಟನ್ನು ಮತ್ತೆ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಅವನು ಕುರ್ಚಿ ಎಳೆದುಕೊಂಡು ನನ್ನ ಎದುರಿಗೆ ಕೂತ.

“ಆಯ್ತು,” ಎಂದ. “ಬರುವ ಶನಿವಾರ ಕೇಳ್ತೇನೆ.”