ಬೀಗ ಹಾಕದ ಹೊಲಿಗೆ

ನನ್ನ ತಂಗಿಯ ಗಂಡನಿಗೆ ನಾನು ಹೊಲಿಗೆಯನ್ನು ತಪ್ಪಾಗಿ ಹೇಳಿಕೊಟ್ಟೆ. ಮರೆತು ಅಲ್ಲ, ಅವಸರದಲ್ಲಿ ಅಲ್ಲ — ಗೊತ್ತಿದ್ದು, ಬೇಕೆಂದೇ, ಭಾನುವಾರ ಭಾನುವಾರ ಎದುರಿಗೆ ಕೂರಿಸಿಕೊಂಡು ತಪ್ಪಾಗಿ ಹೇಳಿಕೊಟ್ಟೆ. ಆ ಹೊಲಿಗೆಯನ್ನೇ ನಂಬಿ ಅವನು ತನ್ನ ಪುಟ್ಟ ಮರದ ದೋಣಿಗೆ ತಾನೇ ಹಾಯಿ ಹೊಲಿದುಕೊಂಡ. ಹಾಯಿ ನೀರಿನ ನಡುವೆ ಬಿಚ್ಚಿಕೊಂಡಿತು. ಆಗ ದೋಣಿಯಲ್ಲಿ ನನ್ನ ತಂಗಿಯೂ ಇದ್ದಳು.

ಎದುರಿಗೆ ಸಿಕ್ಕರೆ ನಾನು ಅವನಿಗೆ 'ಮೇಷ್ಟ್ರೇ, ನೀವು' ಎನ್ನುತ್ತೇನೆ. ಇಲ್ಲಿ ಮಾತ್ರ 'ಅವನು' ಎಂದು ಬರೆಯುತ್ತಿದ್ದೇನೆ. ಇಷ್ಟು ವರ್ಷ ಮನಸ್ಸಿನೊಳಗೆ ಹಾಗೇ ಕರೆದದ್ದು. ಇವತ್ತು ನಿಜ ಹೇಳಲು ಕೂತ ಮೇಲೆ ಬಹುವಚನದ ನಾಟಕ ಯಾಕೆ?

ನಮ್ಮದು ಟಾರ್ಪಾಲು ಹೊಲಿಯುವ ಅಂಗಡಿ, ಗುಂಡ್ಲುಪೇಟೆಯಲ್ಲಿ, ಹೆದ್ದಾರಿಗೆ ಮುಖ ಮಾಡಿಕೊಂಡು. ಈರುಳ್ಳಿ, ತರಕಾರಿ ಹೊತ್ತು ಕೇರಳಕ್ಕೆ ಹೋಗುವ ಲಾರಿಗಳು ನಮ್ಮ ಮುಂದೆಯೇ ನಿಲ್ಲುತ್ತಿದ್ದವು. ಅಂಗೈಗೆ ಚರ್ಮದ ಪಟ್ಟಿ ಕಟ್ಟಿಕೊಂಡು, ದಬ್ಬಳದಲ್ಲಿ ದಪ್ಪ ಕ್ಯಾನ್ವಾಸನ್ನು ಹೊಲಿಯುವ ಕೆಲಸ. ಅಪ್ಪನ ಕಣ್ಣು ಮಂಜಾದಾಗ ನನಗೆ ಹದಿನಾಲ್ಕು ವರ್ಷ. ಸ್ಕೂಲು ಬಿಟ್ಟು ದಬ್ಬಳ ಹಿಡಿದೆ. ತಂಗಿ ಸವಿತ ಓದಿದಳು — ನಾನು ಹೊಲಿದದ್ದಕ್ಕೆ ಓದಿದಳು. ಈ ಮಾತನ್ನು ಬರೆಯದೆ ಮುಂದಕ್ಕೆ ಹೋಗಲು ನನ್ನಿಂದ ಆಗುವುದಿಲ್ಲ.

ಅಕ್ಕಿ ಮೂಟೆಯ ಬಾಯಿ ಬಿಚ್ಚುವುದನ್ನು ಎಲ್ಲರೂ ನೋಡಿರುತ್ತೀರಿ. ದಾರದ ಒಂದು ತುದಿ ಕಿತ್ತು ಎಳೆದರೆ ಹೊಲಿಗೆ ಈ ಕೊನೆಯಿಂದ ಆ ಕೊನೆಗೆ ಸರ್ರನೆ ಬಿಚ್ಚಿಕೊಳ್ಳುತ್ತದೆ. ಟಾರ್ಪಾಲು ಹಾಗೆ ಬಿಚ್ಚಬಾರದು. ಅದಕ್ಕೆ ನಾವು ಗೇಣು ಗೇಣಿಗೂ ದಾರವನ್ನು ಹಿಂದಕ್ಕೆ ತಂದು, ಎರಡು ಸುತ್ತು ಸುತ್ತಿ ಬಿಗಿದು ಮುಂದಕ್ಕೆ ಹೋಗುತ್ತೇವೆ. ಅದಕ್ಕೆ ನಮ್ಮ ಮನೆಯಲ್ಲಿ 'ಬೀಗ' ಎನ್ನುತ್ತಿದ್ದರು. ಬೀಗವಿದ್ದರೆ ದಾರ ಎಲ್ಲೇ ತುಂಡಾಗಲಿ, ಹರಕು ಒಂದು ಗೇಣಿಗೆ ನಿಲ್ಲುತ್ತದೆ. ಹೊರಗಿನವರ ಕಣ್ಣಿಗೆ ಅದು ಬೀಳುವುದೂ ಇಲ್ಲ. ಕಲಿಯಲು ಬಂದವನು ತನ್ನ ಮೊದಲ ಹೊಲಿಗೆ ಮುಗಿಸಿದ ಮೇಲೆ ಕಲಿಸಿದವರು ಅದನ್ನು ಮಂಡಿಗೆ ಸಿಕ್ಕಿಸಿಕೊಂಡು ಎಳೆದು ನೋಡಬೇಕು, ಸರಿಯಿದ್ದರೆ ಕೊನೆಯ ಗಂಟನ್ನು ತಮ್ಮ ಕೈಯಾರೆ ಹಾಕಬೇಕು. ಆ ಗಂಟು ಬಿದ್ದರೆ ಹೊಲಿಗೆಗೆ ನಾವು ಹೊಣೆ. ಕಲಿಸುವುದಾದರೆ ಪೂರ್ತಿ ಕಲಿಸಬೇಕು, ಇಲ್ಲವಾದರೆ ಆಗುವುದಿಲ್ಲ ಎಂದು ಮುಖಕ್ಕೆ ಹೇಳಬೇಕು ಎಂಬುದು ಅಪ್ಪನ ಕಟ್ಟಳೆ.

ಈಗ ಅವನ ವಿಷಯ. ಅವನ ಊರು ಕುದೇರು. ಚಾಮರಾಜನಗರದ ಒಂದು ಹೈಸ್ಕೂಲಿನಲ್ಲಿ ಚಿತ್ರಕಲೆ ಮೇಷ್ಟ್ರು. ಎರಡು ಸಾವಿರದ ಇಸವಿಯಲ್ಲಿ ಅವನು ನಮ್ಮ ಮನೆಗೆ ಹೆಣ್ಣು ನೋಡಲು ಬಂದ. ನೋಡಲು ಬಂದದ್ದು ನನ್ನನ್ನು. ಅಪ್ಪ ತಂದ ಹೊಸ ಹಸಿರು ಸೀರೆ ಉಟ್ಟು, ಉಪ್ಪಿಟ್ಟು ತಟ್ಟೆ ಹಿಡಿದು ಹೋದೆ. ಚೆನ್ನಾಗಿಯೇ ಮಾತಾಡಿದ. ನನಗೆ ಹಿಡಿಸಿದ — ಇದನ್ನೂ ಹೇಳಿಬಿಡಬೇಕು. ಅವರು ಹೊರಟ ಮೇಲೆ ಅವನ ತಾಯಿ ಮರೆತ ಚೀಲ ಕೊಡಲು ಹಿಂದೆಯೇ ಓಡಿದೆ. ಆಟೋ ಮರೆಯಲ್ಲಿ ಅವನು ತಾಯಿಗೆ ಹೇಳುತ್ತಿದ್ದ.

"ಕೈ ನೋಡ್ದಾ ಅವ್ವ? ಮೂಟೆ ಹೊರೋನ್ ಕೈ ಇದ್ದಂಗವೆ. ಚಿಕ್ಕೋಳ್ನ ಕೇಳನ ಬುಡು."

ಚೀಲವನ್ನು ಜಗಲಿಯ ಮೇಲಿಟ್ಟು ಒಳಕ್ಕೆ ಬಂದೆ. ನಾಲ್ಕು ದಿನಕ್ಕೆ ಅವರ ಕಡೆಯಿಂದ ಮಾತು ಬಂತು, ಚಿಕ್ಕವಳನ್ನು ಕೊಡಿ ಎಂದು. ಅಪ್ಪ ಎರಡು ದಿನ ಊಟ ಬಿಟ್ಟರು, ಮೂರನೆಯ ದಿನ ಒಪ್ಪಿದರು. ಸವಿತ ನನ್ನನ್ನು ತಬ್ಬಿಕೊಂಡು ಅತ್ತಳು. ಬೇಡ ಎಂದು ಮಾತ್ರ ಹೇಳಲಿಲ್ಲ. ನಿಶ್ಚಿತಾರ್ಥದ ಶಾಸ್ತ್ರಕ್ಕೆ ನನ್ನ ಹಸಿರು ಸೀರೆಯನ್ನೇ ಉಟ್ಟಳು. ದೊಡ್ಡವಳು ಮನೆಯಲ್ಲಿರುವಾಗ ಚಿಕ್ಕವಳ ಮದುವೆಯಾದರೆ ನಮ್ಮ ಕಡೆ ಜನ ಏನು ಮಾತಾಡುತ್ತಾರೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡವಳಿಗೆ ಏನೋ ಐಬಿದೆ — ಅಷ್ಟು ಸಾಕು. ಆಮೇಲೆ ನನ್ನನ್ನು ನೋಡಲು ಒಬ್ಬರೂ ಬರಲಿಲ್ಲ. ಇವತ್ತಿಗೂ ನಾನು ಅಪ್ಪನ ಮನೆಯಲ್ಲೇ ಇದ್ದೇನೆ.

ಐದು ವರ್ಷ ಕಳೆಯಿತು. ಆ ವರ್ಷ ಮಳೆ ಚೆನ್ನಾಗಿ ಬಂದು ಚಾಮರಾಜನಗರದ ಕಡೆಯ ಅಣೆಕಟ್ಟು ತುಂಬಿತ್ತು. ಒಂದು ಭಾನುವಾರ ಅವನು ಸ್ಕೂಟರಿನ ಮೇಲೆ ಕ್ಯಾನ್ವಾಸಿನ ಸುರುಳಿ ಹೇರಿಕೊಂಡು ಅಂಗಡಿಗೆ ಬಂದ. ಕಾಲೇಜಿನಲ್ಲಿ ಎನ್‌.ಸಿ.ಸಿ.ಯ ನೌಕಾದಳದಲ್ಲಿದ್ದಾಗ ಹಾಯಿದೋಣಿ ಬಿಟ್ಟಿದ್ದನಂತೆ. ಅಂದಿನಿಂದ ಅದೇ ಹುಚ್ಚಂತೆ. ಊರಿನ ಆಚಾರಿಯ ಜೊತೆ ಕೂತು ಹತ್ತಡಿಯ ದೋಣಿ ಮಾಡಿ ಮುಗಿಸಿದ್ದ. ಹಾಯಿ ಮಾತ್ರ ತಾನೇ ಹೊಲಿಯಬೇಕು, ಕೊಂಡುಕೊಂಡರೆ ಅದು ತನ್ನ ದೋಣಿ ಹೇಗಾಗುತ್ತದೆ ಎಂದು ಅವನ ಹಟ. "ಅಕ್ಕ, ನೀವು ಹೇಳ್ಕೊಟ್ರೆ ಕಲ್ತ್ಕತೀನಿ" ಎಂದು ನನ್ನ ಮುಂದೆ ನೆಲದ ಮೇಲೆ ಕೂತ. ಕಲಿಯಲು ಬರುವವರ ಕಟ್ಟಳೆಯಂತೆ ಎಲೆ ಅಡಿಕೆ ಬೇರೆ ತಂದಿದ್ದ. ತೆಗೆದುಕೊಂಡೆ.

ಆಗುವುದಿಲ್ಲ ಎಂದು ಮುಖಕ್ಕೆ ಹೇಳಬಹುದಿತ್ತು. ಹೇಳಲಿಲ್ಲ, ಯಾಕೆಂದರೆ — ಅವನು ನನ್ನ ಕಾಲ ಬುಡದಲ್ಲಿ ಕೂತದ್ದು ನೋಡಲು ನನಗೆ ಹಿತವಾಗಿತ್ತು. ಅಷ್ಟೇ. ಆಗಿನ್ನೂ ಕೆಟ್ಟದ್ದು ಮಾಡುವ ಯೋಚನೆ ಇರಲಿಲ್ಲ.

ಅವನು ಅಂಗಡಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಹಾಯಿಯ ಆಕಾರ ಬರೆದ. ಟಾರ್ಪಾಲಿನವರಿಗೆ ಬಟ್ಟೆ ಚಪ್ಪಟೆ ಇರಬೇಕು, ಹೊಟ್ಟೆ ಬಿಟ್ಟರೆ ಮಳೆ ನೀರು ನಿಲ್ಲುತ್ತದೆ. ಹಾಯಿಗೆ ಹೊಟ್ಟೆಯೇ ಬೇಕಂತೆ. ಕ್ಯಾನ್ವಾಸ್ ಪಟ್ಟಿಗಳ ಅಂಚನ್ನು ಕೂದಲೆಳೆಯಷ್ಟು ಬಾಗಿಸಿ ಕತ್ತರಿಸಿ, ಬಾಗಿದ ಅಂಚನ್ನು ನೆಟ್ಟಗಿನ ಅಂಚಿಗೆ ಸೇರಿಸಿ ಹೊಲಿದರೆ ಬಟ್ಟೆ ತಾನೇ ತುಂಬಿಕೊಳ್ಳುತ್ತದೆ ಎಂದು ಕಾಗದ ಕತ್ತರಿಸಿ ತೋರಿಸಿದ. ಇಪ್ಪತ್ತು ವರ್ಷ ಕ್ಯಾನ್ವಾಸ್ ಮುಟ್ಟಿದವಳಿಗೆ ಅದು ಗೊತ್ತಿರಲಿಲ್ಲ. ತನಗೆ ಗೊತ್ತಿದ್ದ ಒಂದನ್ನೂ ಅವನು ಮುಚ್ಚಿಡಲಿಲ್ಲ.

ಎರಡನೆಯ ಭಾನುವಾರ ಅವನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಎರಡೂ ಕೈ ನನ್ನ ಮುಂದೆ ಚಾಚಿ, ಪದಕ ಗೆದ್ದವನಂತೆ ನಕ್ಕ. "ನೋಡಿ ಅಕ್ಕ, ಈಗ ನನ್ ಕೈನೂ ಕೈ ಅನ್ನಂಗಾಯ್ತು."

ಅವನ ಮುಖವನ್ನೇ ನೋಡಿದೆ. ಎಲ್ಲಾದರೂ ಒಂದಿಷ್ಟು ನಾಚಿಕೆ, ಒಂದಿಷ್ಟು ನೆನಪು ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ನನ್ನ ಬಾಳನ್ನು ಒಂದು ಮಾತಿನಲ್ಲಿ ಮೂಲೆಗೆ ತಳ್ಳಿದವನಿಗೆ ಆ ಮಾತೇ ಮರೆತುಹೋಗಿತ್ತು. ನೆನಪಿಟ್ಟುಕೊಂಡು ಬಂದು ಕೂತಿದ್ದರೆ ಬಹುಶಃ ಕ್ಷಮಿಸುತ್ತಿದ್ದೆ. ಮರೆತದ್ದನ್ನು — ಇಲ್ಲ, ಅದನ್ನು ಕ್ಷಮಿಸಲು ನನಗೆ ಆಗಲಿಲ್ಲ. ಅವತ್ತು ಬೀಗ ಹೇಳಿಕೊಡಬೇಕಾದ ದಿನ. ನಾನು ಹೇಳಿಕೊಡಲಿಲ್ಲ. ಈ ಕೊನೆಯಿಂದ ಆ ಕೊನೆಗೆ ಒಂದೇ ಓಟದಲ್ಲಿ ಹೊಲಿಯಿರಿ, ಎಲ್ಲೂ ನಿಲ್ಲಿಸಬೇಡಿ, ನಿಲ್ಲಿಸಿದರೆ ಸುಕ್ಕು ಬೀಳುತ್ತದೆ ಎಂದೆ. ತಲೆಯಾಡಿಸಿ ಬರೆದುಕೊಂಡ. ನಾನು ಹೇಳಿದ ಸುಳ್ಳನ್ನು ಅವನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ.

ಐದನೆಯ ಭಾನುವಾರ ಹಾಯಿ ಮುಗಿಯಿತು. ಮಂಡಿಗೆ ಸಿಕ್ಕಿಸಿ ಎಳೆದು ನೋಡಿದೆ. ಹೊಲಿಗೆ ನೇರವಾಗಿತ್ತು, ಒತ್ತಾಗಿತ್ತು. ಎಷ್ಟೋ ಜನ ಕಸುಬಿನವರಿಗಿಂತ ಚೆನ್ನಾಗಿತ್ತು. "ಗಟ್ಟಿಯಾಗೇ ಅದೆ ಮೇಷ್ಟ್ರೇ, ಏನೂ ಆಗಲ್ಲ" ಎಂದು ಕೊನೆಯ ಗಂಟನ್ನು ನನ್ನ ಕೈಯಾರೆ ಹಾಕಿದೆ.

ಅಪ್ಪ ಮೂಲೆಯಲ್ಲಿ ಕೂತಿದ್ದರು. ಕಣ್ಣು ಪೂರ್ತಿ ಹೋಗಿತ್ತು, ಬೆರಳು ಮಾತ್ರ ಚುರುಕು. ಅವನು ಕಾಫಿಗೆಂದು ಹೊರಗೆ ಹೋದಾಗ ಹಾಯಿಯನ್ನು ತೊಡೆಯ ಮೇಲೆ ಎಳೆದುಕೊಂಡು ಹೊಲಿಗೆಯ ಉದ್ದಕ್ಕೂ ಬೆರಳಾಡಿಸಿದರು. ಒಂದು ಗೇಣು, ಎರಡು ಗೇಣು, ಮೂರು — ಬೆರಳು ನಿಂತಿತು.

"ಬೀಗ ಎಲ್ಲಿ ಕಣಮ್ಮಿ?"

"ಇದು ಲಾರಿಗಲ್ಲ ಅಪ್ಪ, ಗಾಳಿಗೆ. ಬ್ಯಾಡ್ವಂತೆ."

ಅಪ್ಪ ಹಾಯಿಯನ್ನು ಮಡಿಸಿ ಪಕ್ಕಕ್ಕಿಟ್ಟರು. ನಂಬಿದರೋ, ನಂಬಿದಂತೆ ಇದ್ದುಬಿಟ್ಟರೋ ನನಗೆ ಗೊತ್ತಿಲ್ಲ.

ದೋಣಿಯನ್ನು ನೀರಿಗೆ ಬಿಟ್ಟದ್ದು ಮುಂದಿನ ಭಾನುವಾರ ಬೆಳಿಗ್ಗೆ, ಅಣೆಕಟ್ಟಿನ ಹಿನ್ನೀರಿನಲ್ಲಿ. ಅವನ ಸ್ಕೂಲಿನ ಮೇಷ್ಟ್ರುಗಳು, ಕುದೇರಿನ ನೆಂಟರು, ಮೀನು ಹಿಡಿಯುವವರು — ದಡದ ತುಂಬ ಜನ. ನನ್ನ ಲೆಕ್ಕ ಇಷ್ಟೇ ಇತ್ತು: ಇಷ್ಟು ಜನರೆದುರು ಅವನ ಹಾಯಿ ಹರಿಯಬೇಕು, ಅವನು ನೆನೆದ ಕೋಳಿಯಂತೆ ವಾಪಸು ಬರಬೇಕು, ಜನ ನಗಬೇಕು. ಅವನಿಗೆ ಈಜು ಬರುತ್ತಿತ್ತು. ಒಬ್ಬನೇ ಹೋಗುವ ಮಾತಿತ್ತು.

ಕೊನೆಯ ಗಳಿಗೆಯಲ್ಲಿ ಸವಿತ ತಾನೂ ಬರುತ್ತೇನೆಂದು ಸೆರಗು ಸಿಕ್ಕಿಸಿಕೊಂಡಳು. ನೀರು ಕಂಡರೆ ಹೆದರುವವಳು. ಯಾರೋ ಹೆಂಗಸು ಬೇಡ ಎಂದಳು. ಸವಿತ ನನ್ನ ಕಡೆ ಕೈ ತೋರಿಸಿ ನಕ್ಕಳು. "ನಮ್ಮಕ್ಕ ಗಂಟಾಕವ್ಳೆ. ನಂಗೇನ್ ಭಯ?"

ಹತ್ತಬೇಡ — ಒಂದೇ ಮಾತು. ನಾಲಿಗೆಯ ತುದಿಗೆ ಬಂದಿತ್ತು. ತಂಗಿಗೆ ಈಜು ಬಾರದು ಎಂದು ನನಗೆ ಗೊತ್ತಿತ್ತು. ಆ ಹೊಲಿಗೆ ನಿಲ್ಲುವುದಿಲ್ಲ ಎಂದೂ ಗೊತ್ತಿತ್ತು. ಗಾಬರಿಯಲ್ಲಿ ಮಾತು ಹೊರಡಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ನಾನು ಗಾಬರಿಯಾಗಿರಲಿಲ್ಲ. ಅವಳು ನಗುತ್ತಾ ಅವನ ತೋಳು ಹಿಡಿದು ದೋಣಿಗೆ ಕಾಲಿಟ್ಟಾಗ ನನ್ನ ಮನಸ್ಸಿನಲ್ಲಿ ಬಂದದ್ದು ಒಂದೇ — ಇವಳೂ ಅನುಭವಿಸಲಿ. ಹಸಿರು ಸೀರೆ ಉಟ್ಟು ಕೂತಿದ್ದಳಲ್ಲ, ಬೇಡ ಎನ್ನಲಿಲ್ಲವಲ್ಲ. ಅನುಭವಿಸಲಿ.

ಹಾಯಿ ತುಂಬಿಕೊಂಡಿತು. ಅವನು ಹೇಳಿದಂತೆಯೇ ಹೊಟ್ಟೆ ಬಿಟ್ಟು, ಬಸುರಿಯ ಹಾಗೆ, ನೋಡಲು ಎಷ್ಟು ಚೆಂದವಿತ್ತು ಎಂದರೆ — ಜನ ಚಪ್ಪಾಳೆ ತಟ್ಟಿದರು. ದೋಣಿ ಅರ್ಧ ಫರ್ಲಾಂಗು ಹೋಗಿರಬೇಕು. ಬೆಟ್ಟದ ಕಡೆಯಿಂದ ಗಾಳಿ ಎದ್ದಿತು. ಹಾಯಿ ಕಟ್ಟಿದ ಕಂಬಕ್ಕೆ ಉಜ್ಜುತ್ತಿದ್ದ ಕಡೆ ದಾರ ತುಂಡಾಗಿರಬೇಕು, ಹೊಲಿಗೆ ಮೇಲಿಂದ ಕೆಳಕ್ಕೆ ಒಂದೇ ಉಸಿರಿಗೆ ಬಿಚ್ಚಿಕೊಂಡಿತು. ಆ ಸದ್ದು ದಡಕ್ಕೂ ಕೇಳಿಸಿತು. ಅವನು ಬಟ್ಟೆ ಹಿಡಿಯಲು ಎದ್ದ, ಅವಳು ಹೆದರಿ ಅವನನ್ನು ಹಿಡಿದಳು, ದೋಣಿ ಮಗುಚಿತು.

ಹರಿಗೋಲಿನವರು ಹೋಗಿ ತಲುಪುವವರೆಗೆ ಅವನು ಒಂದು ಕೈಯಲ್ಲಿ ಮಗುಚಿದ ದೋಣಿ, ಇನ್ನೊಂದು ಕೈಯಲ್ಲಿ ಅವಳನ್ನು ಹಿಡಿದಿದ್ದ. ಕಾಲಿಗೆ ಕ್ಯಾನ್ವಾಸ್ ಸುತ್ತಿಕೊಂಡು ಎರಡು ಸಲ ಮುಳುಗಿದ. ಅವಳನ್ನು ಮಾತ್ರ ಬಿಡಲಿಲ್ಲ. ದಡಕ್ಕೆ ತಂದಾಗ ಸವಿತಳ ತುಟಿ ನೀಲಿಯಾಗಿತ್ತು. ನೀರು ಕಕ್ಕಿದಳು, ಉಸಿರು ಬಂತು. ಉಸಿರು ಬಂದ ಮೇಲೆ ಅವಳು ಮೊದಲು ಆಡಿದ ಮಾತು ಗಂಡನಿಗೆ.

"ಕೈಲಾಗದ್ ಕೆಲ್ಸಕ್ಕೆ ಯಾಕ್ ಕೈ ಹಾಕುದ್ರಿ? ನನ್ನ ಸಾಯ್ಸಕಾ?"

ಯಾರೋ ನನ್ನ ಕಡೆ ತಿರುಗಿ, ಹೊಲಿಗೆ ನೀವು ಕಲಿಸಿದ್ದಲ್ಲವೇ ಎಂದರು. ನಾನು ಬಾಯಿ ತೆರೆಯುವ ಮೊದಲೇ ಅವನು, ನಡುಗುತ್ತಾ, ಹೇಳಿದ. "ಅಕ್ಕ ಸರಿಯಾಗೇ ಹೇಳ್ಕೊಟ್ಟಿದ್ರು. ಹೊಲ್ದೋನು ನಾನು."

ನಾನು ತಲೆಯಾಡಿಸಿದೆ. ಹೌದು ಎಂದು, ಎಲ್ಲರಿಗೂ ಕಾಣುವಂತೆ ತಲೆಯಾಡಿಸಿದೆ.

ಬಸ್ಸಿನಲ್ಲಿ ಗುಂಡ್ಲುಪೇಟೆಗೆ ವಾಪಸು ಬರುವಾಗ ಅಳು ಬರಬೇಕಿತ್ತು. ಬರಲಿಲ್ಲ. ಹೊಟ್ಟೆಗೆ ಹಾಲು ಹುಯ್ದಂತಿತ್ತು. ಮನೆಗೆ ಬಂದು ಮುದ್ದೆ ಉಂಡೆ, ಇನ್ನರ್ಧ ಹಾಕಿಕೊಂಡೆ. ತಂಗಿ ಆಸ್ಪತ್ರೆಯಲ್ಲಿದ್ದಳು. ಅಪ್ಪ ಮಾತ್ರ ಅಂದಿನಿಂದ ನಾನು ಹೊಲಿದ ಯಾವ ಬಟ್ಟೆಯ ಮೇಲೂ ಬೆರಳಾಡಿಸಲಿಲ್ಲ. ಎರಡು ವರ್ಷಕ್ಕೆ ತೀರಿಕೊಂಡರು, ಅದರ ಬಗ್ಗೆ ಒಂದು ಮಾತೂ ಕೇಳದೆ.

ಅವನಿಗೆ ಊರಿನಲ್ಲಿ ದೋಣಿ ಮೇಷ್ಟ್ರು ಎಂದು ಹೆಸರು ಬಿತ್ತು. ದೋಣಿ ಕುದೇರಿನ ಹಿತ್ತಿಲಲ್ಲಿ ದನಗಳ ಬಾನಿಯಾಯಿತು. ಮರದಲ್ಲಿ ಗೊಂಬೆ ಕೆತ್ತುತ್ತಿದ್ದವನು ಉಳಿ ಮುಟ್ಟುವುದನ್ನೇ ಬಿಟ್ಟ. ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಇನ್ನೊಬ್ಬರನ್ನು ಕರೆಯುತ್ತಾನೆ. ಸೇಡು ಇಷ್ಟು ಚೆನ್ನಾಗಿ ಯಾರಿಗೂ ತೀರಿರಲಾರದು. ನಾಲ್ಕು ವರ್ಷ ನಾನು ಅದನ್ನು ಬೆಲ್ಲದ ಹಾಗೆ ಚೀಪಿದ್ದೇನೆ.

ಕಳೆದ ವಾರ ಗುಂಡ್ಲುಪೇಟೆಯಲ್ಲಿ ನೆಂಟರ ಮದುವೆ. ಛತ್ರದ ಮುಂದೆ ನಿಂತಿದ್ದೆ. ಸವಿತ ಬಸ್ಸಿನಿಂದ ಇಳಿದಳು. ಐದು ನಿಮಿಷದಲ್ಲಿ ಅವಳ ಹಿಂದೆಯೇ ಅವನು ಬಂದ, ಸ್ಕೂಟರಿನಲ್ಲಿ, ಒಬ್ಬನೇ. ಇದೇನು ಹೀಗೆ ಎಂದು ತಂಗಿಯನ್ನು ಕೇಳಿದೆ. ಅಣೆಕಟ್ಟಿನ ದಿನದಿಂದ ಅವಳು ಅವನ ಸ್ಕೂಟರಿನ ಹಿಂದೆ ಕೂರುವುದಿಲ್ಲವಂತೆ. ಎಲ್ಲಿಗೇ ಹೋಗಲಿ, ಅವಳು ಬಸ್ಸು, ಬಸ್ಸಿನ ಹಿಂದೆ ಅವನು. ಮಾತು ಮುಗಿಸುತ್ತಾ ನನ್ನ ಕೈ ಹಿಡಿದುಕೊಂಡಳು. "ಅವ್ರ ಕೈಗೆ ಇನ್ನೊಂದ್ಸಲ ಜೀವ ಕೊಡಕಾಗಲ್ಲ ಅಕ್ಕ. ನಂಗೆ ನಂಬ್ಕೆ ಅಂದ್ರೆ ನೀನೊಬ್ಳೇ."

ಊಟದ ಸಾಲಿನಲ್ಲಿ ಅವನು ನಮ್ಮ ಎದುರಿಗೇ ಕೂತಿದ್ದ. ತಂಗಿಯ ಆ ಮಾತು ಛತ್ರದ ಮುಂದೆಯೇ ಅವನ ಕಿವಿಗೂ ಬಿದ್ದಿರಬೇಕು. ತಲೆ ಎತ್ತಲಿಲ್ಲ. ನಾನು ಅನ್ನ ಕಲಸಿದೆ, ತುತ್ತು ಎತ್ತಲು ಆಗಲಿಲ್ಲ. ಮೊದಲ ಸಲ — ಬರೆಯಲು ನಾಚಿಕೆಯಾಗುತ್ತದೆ, ಅಷ್ಟು ವರ್ಷದಲ್ಲಿ ಅದೇ ಮೊದಲ ಸಲ — ನನಗೆ ಅಸಹ್ಯವಾದದ್ದು ಅವನ ಮೇಲಲ್ಲ.

ಅವನು ಆಡಿದ ಮಾತಿನ ಸಿಟ್ಟು ಹೋಗಿದೆಯೇ? ಇಲ್ಲ. ಇವತ್ತಿಗೂ ಇದೆ, ಸಾಯುವವರೆಗೂ ಇರುತ್ತದೆ. ಅದನ್ನು ಅವನ ಮುಖಕ್ಕೇ ಹೇಳುತ್ತೇನೆ. ಆದರೆ ಅವನು ಆಡಿದ್ದು ಒಂದು ಮಾತು. ನಾನು ಮಾಡಿದ್ದು ಮಾತಿಗೆ ಮಾತಲ್ಲ. ಈ ಕಾಗದ ತೆಗೆದುಕೊಂಡು ಭಾನುವಾರ ಕುದೇರಿಗೆ ಹೋಗುತ್ತೇನೆ. ಗಂಡ ಹೆಂಡತಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಓದುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಸವಿತ ಇನ್ನು ಈ ಜನ್ಮದಲ್ಲಿ ನನ್ನ ಮನೆಯ ಮೆಟ್ಟಿಲು ಹತ್ತಲಾರಳು, ನನಗೆ ಅವಳನ್ನು ಬಿಟ್ಟು ಬೇರೆ ಯಾರೂ ಇಲ್ಲ. ಆದರೂ ಅವಳಿಗೆ ಗೊತ್ತಾಗಬೇಕು — ಅವತ್ತು ಅವಳನ್ನು ನೀರಿಗೆ ಹಾಕಿದವಳು ಸೀರೆಯ ನೆರಿಗೆ ಕೂಡ ನೆನೆಯದಂತೆ ದಡದ ಮೇಲೆ ನಿಂತಿದ್ದಳು, ಅವಳಿಗಾಗಿ ಎರಡು ಸಲ ಮುಳುಗಿ ಎದ್ದವನು ಬಸ್ಸಿನ ಹಿಂದೆ ಒಬ್ಬನೇ ಬರುತ್ತಿದ್ದಾನೆ.